ಎರಡು, ಒಂದು, ಮೂರು ಸಲ

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಒಂದು ಲೆಕ್ಕ ತೋರಿಸಿದಳು. ಒಂದು ಭಾಗಾಕಾರ, ಒಂದು ಆವರಣ, ಅಷ್ಟೇ. ಉತ್ತರ ಹದಿನಾರೋ ಒಂದೋ ಎಂದು ಊರೆಲ್ಲ ಕಿತ್ತಾಡುತ್ತಿತ್ತಂತೆ. "ಅಜ್ಜಿ, ನೀವು ಮ್ಯಾಥ್ಸ್ ಟೀಚರ್ ಆಗಿದ್ರಲ್ವಾ, ಯಾವುದು ಸರಿ?" ಎಂದು ನಗುತ್ತಾ ಕೇಳಿದಳು. ನನಗೆ ಅಂಗೈ ಬೆವರಿತು. ಈ ಬೆವರು ಹಳೆಯದು, ಕೇಳಿ.

ಅರವತ್ತರ ದಶಕ. ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಹೊಸದಾಗಿ ಮದುವೆಯಾಗಿ ಬಂದಿದ್ದ ನಾನು ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಲೆಕ್ಕದಲ್ಲಿ ತಪ್ಪುವವಳಲ್ಲ ಎಂಬ ಜಂಬವನ್ನು ಸೀರೆಯ ನೆರಿಗೆಯಷ್ಟೇ ಗಟ್ಟಿಯಾಗಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ.

ಅತ್ತೆಗೆ ಎದೆಬಡಿತ ಏರುಪೇರಾಗುತ್ತಿತ್ತು. ಒಂದು ಸಂಜೆ ಡಾಕ್ಟರು ಬಂದು ನೋಡಿ, ಪುಟ್ಟ ಬಿಳಿ ಮಾತ್ರೆಗಳನ್ನು ಬರೆದುಕೊಟ್ಟರು. ಚೀಟಿಯಲ್ಲಿ ಇದ್ದದ್ದು ಇಷ್ಟೇ: 2 + 1 × 3. ಎರಡಕ್ಕೆ ಒಂದು ಸೇರಿದರೆ ಮೂರು, ದಿನಕ್ಕೆ ಮೂರು ಸಲ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ, ಲೆಕ್ಕದ ಟೀಚರ್ ಕೇಳುವುದುಂಟೇ! ಆ ಸಂಜೆ ಮೂರು ಕೊಟ್ಟೆ, ಮರುದಿನ ಬೆಳಿಗ್ಗೆ ಮೂರು. ಮಧ್ಯಾಹ್ನದ ಮೂರನ್ನು ತಟ್ಟೆಯಲ್ಲಿಟ್ಟು, "ಊಟ ಆದ್ಮೇಲೆ ನುಂಗಿ ಅತ್ತೆ" ಎಂದು ಶಾಲೆಗೆ ಹೊರಟೆ.

ತರಗತಿಯಲ್ಲಿ 4 + 2 × 5 ಎಂದು ಬರೆದೆ. ಒಬ್ಬ ಹುಡುಗಿ ಎದ್ದು, "ಮೂವತ್ತು ಮಿಸ್. ಮೊದಲು ಇರೋದನ್ನ ಮೊದಲು ಕೂಡಿಸ್ದೆ" ಎಂದಳು.

"ತಪ್ಪು. ಗುಣಾಕಾರ ಮೊದಲು, ಕೂಡೋದು ಆಮೇಲೆ..."

ಸೀಮೆಸುಣ್ಣ ಕೆಳಗಿಟ್ಟೆ. ಚೀಟಿಯನ್ನೂ ಹಾಗೇ ಓದಬೇಕಿತ್ತೇ? ಈಗ ಎರಡು, ಆಮೇಲೆ ಒಂದೊಂದರಂತೆ ಮೂರು ಸಲ?

ಯಾರಿಗೂ ಹೇಳದೆ ಓಡಿದೆ. ಖಾಲಿ ಸೈಟುಗಳಲ್ಲಿ ಅಡ್ಡ ಹಾಯ್ದೆ, ಕಲ್ಲು ಎಡವಿ ಬಿದ್ದೆ, ಎದ್ದೆ. ಅತ್ತೆಯ ಊಟ ಆಗಿಬಿಟ್ಟಿದ್ದರೆ ಎಂಬುದೊಂದೇ ತಲೆಯಲ್ಲಿ.

ತಟ್ಟೆ ಖಾಲಿಯಾಗಿತ್ತು. ಅತ್ತೆ ಗೋಡೆ ನೋಡುತ್ತಾ ಮಲಗಿದ್ದರು. "ಏನೇ ಇಷ್ಟು ಬೇಗ? ಗೋಡೆಗೆಲ್ಲ ಅರಿಶಿನ ಬಳಿದ ಹಾಗೆ ಕಾಣ್ತಿದೆ ಕಣೇ."

"ಮಾತ್ರೆ ನುಂಗಿಬಿಟ್ರಾ?"

ಅವರು ಅಳುಕುತ್ತಾ ದಿಂಬಿನ ಕೆಳಗೆ ಕೈ ಹಾಕಿದರು. ಮೂರೂ ಅಲ್ಲಿದ್ದವು. "ಹೊಟ್ಟೆ ತೊಳಸ್ತಾ ಇತ್ತು. ಬೈಬೇಡ, ಆಮೇಲೆ ತಗೋತೀನಿ."

ಮಾವ ಡಾಕ್ಟರನ್ನು ಕರೆತಂದರು. ಹೊರಗೆ ಜಗಲಿಯಲ್ಲಿ, ಆರು ಮಾತ್ರೆ ಹೋಗಿದೆ ಎಂದು ನಾನು ಪಿಸುಗುಟ್ಟಿದಾಗ ಡಾಕ್ಟರ ಮುಖ ಬಿಳಿಚಿಕೊಂಡಿತು. "ಮೊದಲು ಎರಡು, ಆಮೇಲೆ ಒಂದೊಂದೇ ಅಂತ ಬರೆದಿದ್ದಮ್ಮಾ. ಗೋಡೆ ಹಳದಿಯಾಗಿ ಕಾಣೋದು, ಹೊಟ್ಟೆ ತೊಳಸೋದು ಎಲ್ಲ ಮಾತ್ರೆ ಹೆಚ್ಚಾದದ್ದಕ್ಕೇ. ಇನ್ನೂ ಮೂರು ಹೋಗಿದ್ರೆ..." ಚೀಟಿಯನ್ನು ಕೈಗೆತ್ತಿಕೊಂಡು, "ನಾನು ಅಕ್ಷರದಲ್ಲಿ ಬರೀಬೇಕಿತ್ತು" ಎಂದರು.

ಎರಡು ದಿನ ಅತ್ತೆಯ ಮಣಿಕಟ್ಟು ಹಿಡಿದು ಕೂತೆ. ಒಂದು ಬಡಿತ, ಒಂದು ನಿಲುಗಡೆ. ಆ ನಿಲುಗಡೆಯಲ್ಲಿ ನನ್ನ ಉಸಿರೂ ನಿಲ್ಲುತ್ತಿತ್ತು. ಮೂರನೆಯ ದಿನ ನಾಡಿ ಹದಕ್ಕೆ ಬಂತು.

ಆಮೇಲೆ ಅವರು ಬಹಳ ವರ್ಷ ಬದುಕಿದರು. "ನನ್ನ ಸೊಸೆ ಸ್ಕೂಲಿಂದ ಓಡಿ ಬಂದು ನನ್ನ ಉಳಿಸಿದ್ಲು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ತಿದ್ದಲಿಲ್ಲ. ಮಾವನೂ ಬಾಯಿ ಬಿಡಲಿಲ್ಲ. ಗೊತ್ತಾದರೆ ಅತ್ತೆ ನನ್ನ ಕೈಯಿಂದ ನೀರೂ ಕುಡಿಯುವುದಿಲ್ಲವೆಂದು ಅವರು ಇದ್ದಷ್ಟು ದಿನವೂ ಹೆದರಿದೆ.

ಇವತ್ತು ಬೆಳಿಗ್ಗೆ ಮಗನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ.

"ಅಜ್ಜಿಗೆ ಗೊತ್ತಿತ್ತಮ್ಮ. ಡಾಕ್ಟರು ಹೊರಗೆ ಹೇಳಿದ್ದು ಅವತ್ತೇ ಒಳಗೆ ಕೇಳಿಸಿತ್ತಂತೆ. ಅಮ್ಮನಿಗೆ ಹೇಳಬೇಡ, ಹೆದರ್ಕೋತಾಳೆ ಅಂದಿದ್ರು."