ಅಣ್ಣನ ಹೆಸರಿನ ಕಪ್

ಅಣ್ಣ ವಿಷಮಶೀತ ಜ್ವರದಲ್ಲಿ ಹೋದಾಗ ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಶಿಕಾರಿಪುರದಲ್ಲಿ ಅವನ ಹಾಗೆ ಫುಟ್‌ಬಾಲ್ ಆಡುವವರು ಇರಲಿಲ್ಲ ಅಂದರೆ, ತಂಗಿಯಲ್ಲವಾ, ಹೇಳದೇ ಇರ್ತಾಳಾ ಅಂತೀರಿ. ಸೊರಬದವರನ್ನು ಕೇಳಬೇಕಿತ್ತು ನೀವು, ಅವನ ಎದುರು ಆಡಿ ಸೋತವರು ಅವರು. ಮರುವರ್ಷ ಎರಡೂ ಊರಿನ ಗೆಳೆಯರು ಸೇರಿ ಅವನ ಹೆಸರಲ್ಲಿ ಪಂದ್ಯ ಶುರು ಮಾಡಿದರು. ಅಪ್ಪ ಬೆಳ್ಳಿ ಕಪ್ ಮಾಡಿಸಿಕೊಟ್ಟ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಸುಗ್ಗಿ ಆದಮೇಲೆ ಕೆರೆ ಕೆಳಗಿನ ಗದ್ದೆಯ ಕೂಳೆ ಕಿತ್ತು, ನೆಲ ಬಡಿದು ಮೈದಾನ ಮಾಡೋರು. ಗೋಲಿಗೆ ಎರಡು ಅಡಿಕೆ ಮರದ ಕಂಬ, ಮೇಲೆ ಅಡ್ಡಕ್ಕೆ ಒಂದು ಹಗ್ಗ. ಅಡ್ಡಮರ ಕಟ್ರೋ ಅಂತ ಅಪ್ಪ ಅಂದರೆ, ಹಗ್ಗ ಸಾಕು ಬಿಡ್ರಿ ಅಂದರು ಹುಡುಗರು.

ಅವ್ವ ಮೈದಾನಕ್ಕೆ ಒಮ್ಮೆಯೂ ಬರಲಿಲ್ಲ. ಅವಳ ಪಂದ್ಯ ಮನೆಯಲ್ಲಿತ್ತು. ಗೆದ್ದ ತಂಡದ ಕ್ಯಾಪ್ಟನ್ ಕಪ್ ಹಿಡಿದುಕೊಂಡು ನಮ್ಮ ಮನೆಗೆ ಬರಬೇಕು, ಹೊಸ್ತಿಲಲ್ಲಿ ನಿಂತು ಅಣ್ಣ ಕರೆಯುತ್ತಿದ್ದ ಹಾಗೆ "ಅವ್ವಾ, ಹಸಿವು" ಅಂತ ಕೂಗಬೇಕು, ಅವನ ಕಂಚಿನ ಗಂಗಾಳದಲ್ಲಿ ಉಣ್ಣಬೇಕು. ಮೊದಲನೇ ವರ್ಷ ಯಾವನೋ ಹುಡುಗ ಹಸಿದು ಹಾಗೇ ಕೂಗಿದ್ದ, ಅದೇ ಪದ್ಧತಿಯಾಯಿತು. ಆ ಒಂದು ಕೂಗಿಗಾಗಿ ಅವ್ವ ವರ್ಷವಿಡೀ ಬದುಕುತ್ತಿದ್ದಳು. ಉತ್ಪ್ರೇಕ್ಷೆ ಅಲ್ಲ, ನಾನು ಜೊತೆಗಿದ್ದು ನೋಡಿದ್ದೇನೆ. ಎರಡನೇ ವರ್ಷ ಸೊರಬದವರು ಗೆದ್ದರು. ಅವರ ಕ್ಯಾಪ್ಟನ್ ಪಾತ್ರೆಗೆ ಕಲಾಯಿ ಹಾಕುವ ಸಾಬರ ಮನೆಯ ಹುಡುಗ. ನಮ್ಮ ಸೋದರತ್ತೆ ಮೂಗು ಮುರಿದಳು. "ಅವ್ವಾ ಅಂತ ಕರದಾನ. ಬಡಸ್ತೀನಿ. ನೀ ಬೇಕಾದ್ರ ಹಿತ್ತಲಾಗ ಕೂತು ಉಣ್ಣು" ಅಂದಳು ಅವ್ವ.

ಕೊನೆಯ ವರ್ಷವೂ ಫೈನಲ್ಲಿಗೆ ಸೊರಬ, ಶಿಕಾರಿಪುರವೇ ಬಂದವು. ಎರಡೂ ಕಡೆ ಗೋಲಿಲ್ಲ. ಆಟ ಮುಗಿಯಲು ಬಂದಾಗ ಆ ಕಲಾಯಿ ಹುಡುಗ ಬೀಸಿ ಒದ್ದ. ಚೆಂಡು ಹಗ್ಗಕ್ಕೆ ಬಡಿದು, ಹಗ್ಗವನ್ನೇ ಎತ್ತಿಕೊಂಡು ಆಚೆಗೆ ಹೋಯಿತು. ಕೆಳಗಿಂದ ಹೋಯ್ತು ಅಂತ ಅವರು, ಮೇಲಿಂದ ಅಂತ ನಮ್ಮವರು. ರೆಫ್ರಿಯಾಗಿದ್ದ ಡ್ರಿಲ್ ಮೇಷ್ಟ್ರು ಅಲ್ಲಾಡುವ ಹಗ್ಗವನ್ನೇ ನೋಡುತ್ತ ನಿಂತುಬಿಟ್ಟರು. ಕೊರಳಪಟ್ಟಿ ಹಿಡಿಯುವ ಹೊತ್ತಿಗೆ ಊರ ಹಿರಿಯರು ನಡುವೆ ಬಂದರು. ಬದುವಿನ ಮೇಲಿನ ಮಾವಿನ ಮರದ ಜಗಳಕ್ಕೆ ಹೇಳುತ್ತಿದ್ದ ನ್ಯಾಯವನ್ನೇ ಇಲ್ಲೂ ಹೇಳಿದರು: ಇಬ್ಬರೂ ಗೆದ್ದಂಗೆ, ಕಪ್ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ಅಪ್ಪನೂ ಹೂಂ ಅಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಹಂಗಾದ್ರೆ ನಮ್ಮನೆಗೆ ಯಾರು ಬರೋದು ಅಂತ ಒಬ್ಬ ದೊಡ್ಡ ಮನುಷ್ಯನಿಗೂ ಹೊಳೆಯಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ಅವ್ವ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿ ಗಂಗಾಳ ತೊಳೆದಿಟ್ಟು ಕೂತಿದ್ದಳು. ದೀಪ ಹಚ್ಚಿದಳು. ಓಣಿಯಲ್ಲಿ ಯಾರದ್ದೋ ಚಪ್ಪಲಿ ಸದ್ದಾದರೆ ಎದ್ದು ಸೆರಗು ಸರಿ ಮಾಡಿಕೊಳ್ಳುವಳು. ಅಪ್ಪ ಬಂದು ಆದದ್ದನ್ನೆಲ್ಲ ಹೇಳಿ, "ಇಬ್ರಿಗೂ ಅನ್ಯಾಯ ಆಗ್ಲಿಲ್ಲ ನೋಡು" ಅಂದ. ಅವ್ವ ಅವನ ಮುಖವನ್ನೇ ನೋಡಿದಳು. "ಮತ್ತ ನನ್ನ ಮಗ ಬರಂಗಿಲ್ಲೇನ್ರೀ?" ಅಂದಳು. ಅಪ್ಪ ಅಂಗಿಯನ್ನೂ ಬಿಚ್ಚದೆ ಒಳಗೆ ಹೋಗಿ ಮಲಗಿದ. ಅವ್ವನನ್ನು ಊಟಕ್ಕೆ ಏಳಿಸಲು ನನ್ನಿಂದ ಆಗಲಿಲ್ಲ.

ಆರು ತಿಂಗಳಾದರೂ ನಮ್ಮೂರಿನವರು ಕಪ್ ಕೊಡಲಿಲ್ಲ, ಮರುವರ್ಷ ಸೊರಬದವರು ಆಡಲು ಬರಲಿಲ್ಲ. ಅವರಿಲ್ಲದ ಪಂದ್ಯಕ್ಕೆ ನಾವ್ಯಾಕೆ ಅಂತ ಉಳಿದವರೂ ಬಿಟ್ಟರು. ಗದ್ದೆಯಲ್ಲಿ ಕೂಳೆ ಹಾಗೇ ಉಳಿಯಿತು. ಅಷ್ಟೇ, ನಮ್ಮ ಹೊಸ್ತಿಲಲ್ಲಿ ಅಣ್ಣನ ಹಾಗೆ ಮತ್ತೆ ಯಾರೂ ಕೂಗಲಿಲ್ಲ.

ಆ ಬೇಸಿಗೆಯಲ್ಲೇ ನನ್ನನ್ನು ಆನವಟ್ಟಿಗೆ ಕೊಟ್ಟರು. ಒಂದು ದಿನ ಓಣಿಯಲ್ಲಿ ಕಲಾಯಿ ಅಂತ ಕೂಗಿದ್ದು ಕೇಳಿ ಹಿತ್ತಾಳೆ ಪಾತ್ರೆ ಹಿಡಿದುಕೊಂಡು ಹೊರಗೆ ಬಂದರೆ, ತಿದಿ ಒತ್ತುತ್ತ ಕೂತವನು ಅವನೇ. ನನಗೆ ತಡೆಯಲಾಗಲಿಲ್ಲ. "ಏನಣ್ಣಾ, ಅವತ್ತು ನಿನ್ನ ಕಾಲು ಬಿದ್ದುಹೋಗಿತ್ತಾ? ನಮ್ಮವ್ವ ಉಣ್ಣದೇ ಕಾದು ಕೂತಿದ್ದಳು!" ಅಂದೆ.

ಅವನು ತಿದಿ ನಿಲ್ಲಿಸಿದ. "ಬಂದಿದ್ದೆ ತಂಗಿ" ಅಂದ. "ನಿಮ್ಮ ಓಣಿ ತುದಿಗೆ ನಿಂತಿದ್ದೆ. ಆ ಕಡೆ ತುದಿಗೆ ನಿಮ್ಮೂರ ಕ್ಯಾಪ್ಟನ್ ನಿಂತಿದ್ದ. ಅವನು ಹೋಗ್ಲಿ ಅಂತ ನಾನು, ನಾನು ಹೋಗ್ಲಿ ಅಂತ ಅವನು. ಇಬ್ರೂ ಒಟ್ಟಿಗೆ ಬಾಗಿಲಿಗೆ ಬಂದ್ರೆ ಜಗಳ ಆಗ್ತದೆ, ಅವ್ವನ ಎದುರಿಗೆ ಬೇಡ ಅನ್ನಿಸ್ತು. ಸೊರಬದ ಕೊನೇ ಬಸ್ಸಿನ ಹೊತ್ತಾಯ್ತು, ಹೋದೆ."

ಪಂಚಮಿಗೆ ತವರಿಗೆ ಹೋದಾಗ ಅವ್ವ ಅಡುಗೆಮನೆಯಲ್ಲಿ ಉಂಡೆ ಕಟ್ಟುತ್ತಿದ್ದಳು. ಸಮಾಧಾನವಾದೀತು ಅಂತ ಎಲ್ಲ ಹೇಳಿದೆ, ಅವರಿಬ್ಬರೂ ನಿನ್ನನ್ನು ಮರೆತಿರಲಿಲ್ಲ ಅವ್ವಾ ಅಂದೆ. ಅವಳ ಕೈ ನಿಂತಿತು.

"ಇಬ್ರೂ ಬಂದಿದ್ರಾ?"

"ಹೂಂ."

ಅವ್ವ ಬೆಲ್ಲದ ಕೈಯಲ್ಲೇ ಕಣ್ಣು ಒತ್ತಿಕೊಂಡಳು.

"ಒಳಗ ಬರಬೇಕಿತ್ತಲ್ಲೇ" ಅಂದಳು. "ಇಬ್ರಿಗೂ ಸಾಕಾಗೋ ಅಷ್ಟು ಮಾಡಿದ್ದೆ."