ಲೊಕ್ಕನಹಳ್ಳಿ ಕಡೆಯಿಂದ ತಂದ ಡೆನ್ಮಾರ್ಕಿನ ಕುರ್ಚಿ

ನಮ್ಮ ಕೊಳ್ಳೇಗಾಲದ ಮನೆಗೆ ಮೊದಲ ಸಲ ಬಂದವರು ಕುರ್ಚಿಯ ಮೇಲೆ ಕೂರುವ ಮುಂಚೆ ಒಂದು ಗಳಿಗೆ ಅನುಮಾನಿಸುತ್ತಾರೆ. ಕಾಲುಗಳು ಅಷ್ಟು ಸಣ್ಣ, ಕೆಳಕ್ಕೆ ಹೋಗುತ್ತಾ ಇನ್ನೂ ಸಣ್ಣ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಎಂಬತ್ತರ ದಶಕದಲ್ಲಿ ಹನೂರಿನ ದನದ ಆಸ್ಪತ್ರೆಗೆ ಕಾಂಪೌಂಡರ್ ಆಗಿ ಹೋದಾಗ ಅಲ್ಲೊಂದು ಹಳೇ ತೇಗದ ಕುರ್ಚಿ ಇತ್ತು. ಬೀರುವಿನ ಮೇಲಿನ ಔಷಧಿ ಎಟುಕಿಸಿಕೊಳ್ಳಲು ಅದನ್ನು ಹತ್ತಿ ನಿಲ್ಲುತ್ತಿದ್ದೆವು. ಒಂದು ದಿನ ಗುಡಿಸುವಾಗ ಮಗುಚಿ ನೋಡಿದರೆ ಅಡಿಯಲ್ಲಿ ಸುಟ್ಟು ಒತ್ತಿದ ಇಂಗ್ಲಿಷ್ ಅಕ್ಷರಗಳು: ಮೇಡ್ ಇನ್ ಡೆನ್ಮಾರ್ಕ್.

ಡೆನ್ಮಾರ್ಕ್ ಎಲ್ಲಿ, ಹನೂರು ಎಲ್ಲಿ. ವಿಚಾರಿಸುತ್ತಾ ಹೋದಾಗ ಯಳಂದೂರಿನಲ್ಲಿ ಒಬ್ಬ ವಯಸ್ಸಾದ ಅಡುಗೆಯವರು ಸಿಕ್ಕರು. ಅವರು ಹೇಳಿದ್ದು ಇಷ್ಟು: ತಾವು ಅಡುಗೆ ಮಾಡಿಕೊಡುತ್ತಿದ್ದ ಆ ದೇಶದ ಗಂಡ ಹೆಂಡತಿ ಹನೂರಿನಾಚೆ ಒಂದು ತೋಟದ ಮನೆ ಹಿಡಿದು, ಕುಷ್ಠ ಬಂದವರಿಗೆ ಮದ್ದು ಕೊಟ್ಟುಕೊಂಡು ಹತ್ತು ವರ್ಷ ಇದ್ದರಂತೆ. ಮನೆ ಸಾಮಾನೆಲ್ಲ ಹಡಗಿನಲ್ಲಿ ಬಂದದ್ದು. ಊರು ಬಿಡುವಾಗ ಒಂದನ್ನೂ ಒಯ್ಯದೆ ಕೇಳಿದವರಿಗೆಲ್ಲ ಕೊಟ್ಟು ಹೋದರಂತೆ. ಅಡುಗೆಯವರು ಬೆರಳು ಮಡಿಚಿ ಲೆಕ್ಕ ಹೇಳಿದರು. ಊಟದ ಕುರ್ಚಿ ಆರು, ಮೇಜು ಒಂದು, ಒರಗಿ ಕೂರುವ ಆರಾಮ ಕುರ್ಚಿ ಒಂದು.

ಆ ಲೆಕ್ಕ ನನ್ನ ತಲೆಯೊಳಗೆ ಕೂತುಬಿಟ್ಟಿತು. ಹತ್ತು ಹನ್ನೆರಡು ವರ್ಷ ಹುಡುಕಿದೆ. ಅಜ್ಜೀಪುರದ ಟೀ ಅಂಗಡಿಯಲ್ಲಿ ಒಂದರ ಮೇಲೆ ನೀರಿನ ಕೊಳಗ ಇಟ್ಟಿದ್ದರು. ಮಾದಪ್ಪನ ಬೆಟ್ಟದಲ್ಲಿ ಮುಡಿ ತೆಗೆಯುವವರೊಬ್ಬರ ಹತ್ತಿರ ಇನ್ನೊಂದು ಸಿಕ್ಕಿತು, ಕಾಲು ಅರ್ಧ ಕೊಯ್ದು ಮಣೆಯಾಗಿತ್ತು. ತಂದ ಪ್ರತಿ ಕುರ್ಚಿಗೂ ಬದಲಿಗೆ ಹೊಸದು ಕೊಡುತ್ತಿದ್ದೆ, ಮೊದಮೊದಲು ಕಬ್ಬಿಣದ ಮಡಿಸುವ ಕುರ್ಚಿ, ಆಮೇಲಾಮೇಲೆ ಪ್ಲಾಸ್ಟಿಕ್ಕಿನದು. ಹಳ್ಳಿಯವರು ಇಲ್ಲ ಅನ್ನುತ್ತಿರಲಿಲ್ಲ. ನನ್ನ ಮಾತಿನ ಚಂದಕ್ಕೆ ಕೊಡುತ್ತಾರೆ ಅಂದುಕೊಂಡಿದ್ದೆ. ದನ ನೋಡುವವನಿಗೆ ಇಲ್ಲ ಅನ್ನಲಾಗದೆ ಕೊಡುತ್ತಿದ್ದರು ಎಂದು ತಿಳಿಯಲು ಆ ಆರಾಮ ಕುರ್ಚಿಯೇ ಬೇಕಾಯಿತು. ಅದರ ವಿಷಯದಲ್ಲಿ ನಾನು ಒಬ್ಬ ಅಜ್ಜಿಗೆ ಮಾತು ಕೊಟ್ಟೆ. ಉಳಿಸಿಕೊಳ್ಳಲಿಲ್ಲ. ಬರೆಯಬೇಕಾದದ್ದು ಅದನ್ನೇ.

ತೊಂಬತ್ತರ ದಶಕದ ಒಂದು ಮಧ್ಯಾಹ್ನ. ಲೊಕ್ಕನಹಳ್ಳಿಯಾಚೆ, ಕಾಡಿನಂಚಿನ ಒಂದು ಸಣ್ಣ ಊರಿನಲ್ಲಿ ಹಸು ಈಯಲಾರದೆ ಒದ್ದಾಡುತ್ತಿದೆ ಎಂದು ಕರೆ ಬಂತು. ಡಾಕ್ಟರು ರಜದಲ್ಲಿದ್ದರು, ನಾನೇ ಹೋದೆ. ಕರು ಅಡ್ಡ ತಿರುಗಿತ್ತು. ಎರಡು ಗಂಟೆ ಪಾಡುಪಟ್ಟು ಎಳೆದೆ. ತಾಯಿ, ಕರು ಎರಡೂ ಉಳಿದವು. ಕೈ ತೊಳೆದು ತಲೆ ಎತ್ತಿದರೆ ಕೊಟ್ಟಿಗೆಯ ತೊಲೆಗೆ ಹಗ್ಗ ಕಟ್ಟಿ ಆ ಆರಾಮ ಕುರ್ಚಿಯನ್ನು ತೂಗುಹಾಕಿದ್ದಾರೆ. ಅಗಲವಾದ ತೋಳು, ಹಿಂದಕ್ಕೆ ಬಾಗಿದ ಬೆನ್ನು. ಮರ ಹರಳೆಣ್ಣೆ ಕುಡಿದು ಮಿನುಗುತ್ತಿತ್ತು. ಬಳಸಲು ತಿಳಿಯದೆ ಮೇಲೆ ಕಟ್ಟಿಬಿಟ್ಟಿದ್ದಾರೆ, ಪಾಪ, ಅಂದುಕೊಂಡೆ. ಅಲ್ಲೇ, ಕರುವಿನ ಮೈ ಇನ್ನೂ ಹಸಿ ಇರುವಾಗಲೇ, ಕೇಳಿಬಿಟ್ಟೆ.

ಮನೆಯಲ್ಲಿ ಇದ್ದದ್ದು ಅಜ್ಜ ಮತ್ತು ಅಜ್ಜಿ. ಅಜ್ಜಿಗೆ ಸೊಂಟ ಬಾಗಿತ್ತು, ಕೋಲೂರಿಕೊಂಡು ನಿಂತಿದ್ದರು. ಅವರು ಏನೋ ಹೇಳಲು ಬಾಯಿ ತೆಗೆದರು. ಅಜ್ಜ ತಡೆದರು.

"ಸುಮ್ಕಿರಮ್ಮಿ. ಕರ ಉಳಿಸ್ಕೊಟ್ಟವ್ರೆ. ಕೇಳ್ದಾಗ ಇಲ್ಲ ಅನ್ನಕ್ಕಾದ್ದಾ?"

ಅಜ್ಜಿ ನನ್ನ ಮುಖವನ್ನೇ ನೋಡಿದರು. "ತಕಂಡೋಗಪ್ಪ. ಬೇಕಾದಾಗ ಒಂದ್ ದಿವ್ಸ ಕೊಟ್ಟೀಯಾ?"

"ಯಾವಾಗ ಬೇಕಾದ್ರೂ ಬನ್ನಿ ಅಜ್ಜಿ, ನಿಮ್ದೇ ಕುರ್ಚಿ" ಎಂದೆ.

"ನಾನೆಲ್ ಬತ್ತೀನಪ್ಪ. ಯಾರಾದ್ರೂ ಬತ್ತಾರೆ."

ಮಾರನೇ ವಾರ ಎರಡು ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಅದನ್ನು ತಂದೆ. ಒಂದು ವಾರ ದಿನಾ ಸಂಜೆ ಅದರಲ್ಲೇ ಒರಗಿ ಪೇಪರ್ ಓದಿದೆ. ಊರಿನ ಮುರುಕೆಲ್ಲ ನಮ್ಮ ಮನೆಗೇ ಬರಬೇಕು ಎಂದು ಹಂಗಿಸುತ್ತಿದ್ದ ನನ್ನ ಹೆಂಡತಿ ಕೂಡ, ಇದೊಂದು ಪರವಾಗಿಲ್ಲ ಎಂದಳು. ಆಮೇಲೆ ನನ್ನ ಗೀಳು ಸುಮ್ಮನಿರಲಿಲ್ಲ. ಡೆನ್ಮಾರ್ಕಿನವರು ಈ ಕುರ್ಚಿಗಳ ಕೂರುವ ಭಾಗವನ್ನು ಗಟ್ಟಿ ಕಾಗದ ತಿರುಚಿ ಮಾಡಿದ ಹುರಿಯಿಂದ ಹೆಣೆಯುತ್ತಿದ್ದರು. ಇದಕ್ಕೆ ಯಾರೋ ಯಾವಾಗಲೋ ಕತ್ತಾಳೆ ನಾರು ಹಾಕಿದ್ದರು. ಗಟ್ಟಿಯಾಗಿಯೇ ಇತ್ತು, ಆದರೆ ಅಸಲಿಯಲ್ಲ. ಎಲ್ಲವನ್ನೂ ಕೊಯ್ದು ಬಿಚ್ಚಿ ಹಾಕಿದೆ. ಅಂಥದೇ ಹುರಿ ತರಿಸಿಕೊಡುತ್ತೇನೆ ಎಂದು ಮೈಸೂರಿನ ಅಂಗಡಿಯವರೊಬ್ಬರು ಹೇಳಿದ್ದರು. ಇವತ್ತು ನಾಳೆ ಎಂದು ಎರಡು ತಿಂಗಳಾಯಿತು.

ಒಂದು ಬೆಳಿಗ್ಗೆ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಅಜ್ಜಿಯ ತಮ್ಮನ ಮಗ, ನಲವತ್ತರ ಆಚೀಚೆಯವರು. ಮೊದಲ ಬಸ್ಸಿಗೆ ಬಂದು, ಬಸ್ ಸ್ಟ್ಯಾಂಡಿನಲ್ಲಿ ಟೆಂಪೋ ಗೊತ್ತು ಮಾಡಿಕೊಂಡೇ ಬಂದಿದ್ದರು.

"ಅತ್ತೆ ತೀರ್ಕಂಡ್ರು ಸಾ, ಕೋಳಿ ಕೂಗೋ ಒತ್ಗೆ. ಕುರ್ಚಿ ತಕಂಡೋಗಕೆ ಬಂದೆ."

ನಮ್ಮ ಕಡೆ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಕಾಲು ಮಡಿಸಿ ಕೂರಿಸುತ್ತೇವೆ; ಕೂತ ಹಾಗೇ ಮಣ್ಣು ಮಾಡುತ್ತೇವೆ. ನನ್ನ ಅಪ್ಪನನ್ನೂ ಹಾಗೇ ಗೋಡೆಗೆ ಒರಗಿಸಿ ಕೂರಿಸಿದ್ದೆವು. ಎಲ್ಲ ಗೊತ್ತಿದ್ದವನಿಗೆ ಆ ಅಗಲವಾದ ಕುರ್ಚಿ ನೋಡಿದಾಗ ಅದರಲ್ಲಿ ಹೀಗೆ ಕೂರಿಸುತ್ತಾರೆ ಎಂಬುದೊಂದು ಮಾತ್ರ ಹೊಳೆದಿರಲಿಲ್ಲ. ಒಳಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಖಾಲಿ ಚೌಕಟ್ಟಿನೊಳಗೆ ಕೈ ತೂರಿಸಿ ನೋಡಿದರು.

"ಇದೇನ್ ಸಾ, ಬರೀ ಮೂಳೆ ಮಾಡ್ಬುಟ್ಟಿದ್ದೀರಿ."

ಅಂಗಡಿ ಬಾಗಿಲು ತೆಗೆಸಿ ತೆಂಗಿನ ಹಗ್ಗ ತಂದೆ. ಟೆಂಪೋದ ಹಿಂದೆ ಚೌಕಟ್ಟು ಇಟ್ಟುಕೊಂಡು ನಾವಿಬ್ಬರೂ ಹತ್ತಿದೆವು. ಗಾಡಿ ಕುಲುಕುತ್ತಿದ್ದಂತೆಯೇ ಹಗ್ಗವನ್ನು ಅಡ್ಡ ಉದ್ದ ಬಿಗಿದೆವು. ಅವರು ಬೈಯಲಿಲ್ಲ, ಕೇಳಿದ್ದಕ್ಕೆ ಹೇಳುತ್ತಾ ಹೋದರು. ಡೆನ್ಮಾರ್ಕಿನವರು ಕುರ್ಚಿ ಕೊಟ್ಟದ್ದು ಅಜ್ಜನ ಅಪ್ಪನಿಗೆ. ಅವರಿಗೆ ಕೂರುವ ಯೋಗ ಇರಲಿಲ್ಲ, ಅದೇ ವರ್ಷ ಹೋದರು. ಅದರಲ್ಲೇ ಕೂರಿಸಿದರು. ಮಂಡಿ ಮಡಿಸಲು ಅಗಲ ಸಾಕಾಯಿತು, ಬೆನ್ನು ಹಿಂದಕ್ಕಿದ್ದುದರಿಂದ ಕತ್ತು ಮುಂದಕ್ಕೆ ಬೀಳಲಿಲ್ಲ. ಜೀವ ಇದ್ದಾಗ ಕೂತಿದ್ದ ಹಾಗೇ ಕಂಡರಂತೆ. ಅಲ್ಲಿಂದ ಊರಿನ ಎಲ್ಲ ಮನೆಯವರೂ ಕೇಳಿ ಒಯ್ಯತೊಡಗಿದರು. ಜೀವ ಇರುವವರು ಅದರಲ್ಲಿ ಕೂರುವುದಿಲ್ಲ, ಅದಕ್ಕೇ ತೊಲೆಗೆ ಕಟ್ಟಿದ್ದು. ಪ್ರತಿ ಅಮಾವಾಸ್ಯೆಗೆ ಇಳಿಸಿ ಎಣ್ಣೆ ತಿಕ್ಕುತ್ತಿದ್ದವರು ಅಜ್ಜಿ. ನಾರು ಹೆಣೆದವರೂ ಅವರೇ.

ನಾವು ತಲುಪಿದಾಗ ಹತ್ತೂವರೆ. ಮೈ ಸೆಟೆದುಕೊಳ್ಳುವ ಮುಂಚೆ ಕೂರಿಸಬೇಕಲ್ಲ, ಮನೆಯವರು ಕಾಯುವಷ್ಟು ಕಾದು ಅಜ್ಜಿಯನ್ನು ಕೂರಿಸಿಬಿಟ್ಟಿದ್ದರು, ನಾನು ಕೊಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಅದರ ತೋಳುಗಳ ನಡುವೆ ಮಂಡಿ ಮಡಿಸಲು ಜಾಗವಿಲ್ಲ. ಅಜ್ಜಿಯ ಕಾಲುಗಳು ಕೆಳಗೆ ಇಳಿಬಿದ್ದಿದ್ದವು. ಕತ್ತು ನಿಲ್ಲಲೆಂದು ಬೆನ್ನಿಗೊಂದು ಬಿದಿರು ಕೊಟ್ಟು, ಹಣೆಗೂ ಎದೆಗೂ ಸೀರೆ ಹರಿದು ಕಟ್ಟಿದ್ದರು. ಭಾರಕ್ಕೆ ಕುರ್ಚಿಯ ಕಾಲುಗಳು ಅಗಲಿಸಿಕೊಳ್ಳುತ್ತಿದ್ದವು, ಇಬ್ಬರು ಹೆಂಗಸರು ಅತ್ತಿತ್ತ ಹಿಡಿದು ನಿಂತಿದ್ದರು. ಒಮ್ಮೆ ಕೂರಿಸಿ ಪೂಜೆ ಮಾಡಿದ ಮೇಲೆ ಎಬ್ಬಿಸುವ ಹಾಗಿಲ್ಲ. ನಾವು ತಂದದ್ದನ್ನು ಯಾರೋ ಬೇಲಿಯ ಪಕ್ಕಕ್ಕೆ ಇಟ್ಟರು. ಅಜ್ಜ ಅದನ್ನು ನೋಡಿದರು, ನನ್ನನ್ನೂ ನೋಡಿದರು. ಮಣ್ಣು ಮುಗಿಯುವವರೆಗೂ ಇದ್ದೆ. ಕುರ್ಚಿಯನ್ನು ಅಲ್ಲೇ ಬಿಟ್ಟು ಬಸ್ಸು ಹಿಡಿದೆ.

ಮೂರನೇ ವಾರ ಎರಡು ದಿನ ರಜ ಹಾಕಿ, ಕತ್ತಾಳೆ ಹುರಿಯ ಉಂಡೆ ತಗೊಂಡು ಹೋದೆ. ಅವರ ಅಂಗಳದಲ್ಲೇ ಕೂತು ತೆಂಗಿನ ಹಗ್ಗ ಬಿಚ್ಚಿ ಹೆಣೆಯತೊಡಗಿದೆ. ಮೊದಲ ದಿನ ಅಜ್ಜ ಹೊರಗೆ ಬರಲಿಲ್ಲ. ಅಕ್ಕಪಕ್ಕದ ಹೆಂಗಸರು ನಿಂತು ನೋಡಿ, ಅಜ್ಜಿ ಇಷ್ಟು ಸಡಿಲ ಬಿಡುತ್ತಿರಲಿಲ್ಲ ಎಂದು ಹೇಳಿದರು. ಹೆಣೆದದ್ದನ್ನು ಬಿಚ್ಚಿ ಮತ್ತೆ ಹೆಣೆದೆ. ಎರಡನೇ ದಿನ ಮಧ್ಯಾಹ್ನ ಅಜ್ಜ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತರು. ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದರು.

"ನೀವ್ ಕುಂತಿದ್ರಾ ಸಾ ಇದ್ರಲ್ಲಿ?"

ಸುಳ್ಳು ಬಾಯಿಗೆ ಬಂದಿತ್ತು, ನುಂಗಿದೆ. "ಕೂತಿದ್ದೆ ಅಜ್ಜ. ನನಗೆ ಗೊತ್ತಿರ್ಲಿಲ್ಲ."

"ಅದ್ಕಲ್ಲ ಕೇಳಿದ್ದು. ನಮ್ಮೂರಲ್ ಇದ್ರಲ್ಲಿ ಕುಂತವ್ರು ಯಾರೂ ಎದ್ ಬಂದಿಲ್ಲ, ಕೇಳಣ ಅಂದ್ರೆ. ಎಂಗಿರ್ತದೆ?"

ಹುರಿ ಕೈಯಲ್ಲೇ ಇತ್ತು. ಯೋಚಿಸಿ ಹೇಳಿದೆ. "ಬೆನ್ನು ಇರೋದೇ ಗೊತ್ತಾಗಲ್ಲ ಅಜ್ಜ. ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ ಇರುತ್ತೆ."

ಅಜ್ಜ ತಲೆ ಬಗ್ಗಿಸಿದರು. "ಅವ್ಳ್ಗೆ ಬೆನ್ನೇ ಕನ ಸಾ ನೋಯ್ತಿದ್ದುದು" ಎಂದರು.

ಆಮೇಲೆ ಹತ್ತಿರ ಸರಿದು ಹುರಿಯ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಿಗಿಯಾಗಿ ಎಳೆಯಿರಿ ಎಂದರು. ಎಳೆದೆ.