ದುರುಗಮ್ಮನ ಬೆತ್ತದ ಉಮೇದುವಾರಳು

ಮೊನ್ನೆ ದೇವದುರ್ಗದ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಲೋಬಾನ ಹಾಕಿದ್ದರು. ಹೊಗೆ ಮೂಗಿಗೆ ಬಡಿದದ್ದೇ ತಡ, ನನಗೆ ಹಸಿವಾಯಿತು. ನಗಬೇಡಿ. ಲೋಬಾನಕ್ಕೂ ನನ್ನ ಹೊಟ್ಟೆಗೂ ಇರುವ ನಂಟು ಹಳೆಯದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಾನ್ವಿ ತಾಲೂಕಿನ ಮಲ್ಲಟಕ್ಕೆ ಸೊಸೆಯಾಗಿ ಬಂದೆ. ಕುರಿ ಸಾಕುವ ಮನೆತನ. ಅತ್ತೆ ಹುಲಿಗೆಮ್ಮನವರ ಮೈಮೇಲೆ ಪ್ರತಿ ಶುಕ್ರವಾರ ದುರುಗಮ್ಮ ಬರುತ್ತಿದ್ದಳು. ಕೂಸಿಗೆ ಜ್ವರ, ಎಮ್ಮೆ ಕಾಣೆ, ಗಂಡ-ಹೆಂಡಿರ ಜಗಳ, ಎಲ್ಲಕ್ಕೂ ಜನ ನಮ್ಮ ಪಡಸಾಲೆಗೆ ಬಂದು ಹೇಳಿಕೆ ಕೇಳುತ್ತಿದ್ದರು. ದೇವಿ ಬಹುಮಟ್ಟಿಗೆ ಅತ್ತೆಯ ಅಭಿಪ್ರಾಯದವಳೇ. ನಾನು ತವರಿಗೆ ಹೊರಟ ವಾರವೆಲ್ಲ ದಿಕ್ಕು ಸರಿಯಿರುತ್ತಿರಲಿಲ್ಲ.

ಅತ್ತೆಗೆ ಹೆಣ್ಣುಮಕ್ಕಳಿಲ್ಲ. ಹೇಳಿಕೆ ಹೇಳುವಾಗ ಅವರು ಹಿಡಿಯುತ್ತಿದ್ದ ದೇವಿಯ ಬೆತ್ತ ಮುಂದೆ ನನ್ನ ಕೈಗೇ ಬರಬೇಕೆಂದು ಹಟ ಹಿಡಿದರು. ಮಂಗಳವಾರ, ಶುಕ್ರವಾರ ಉಪವಾಸ, ತಣ್ಣೀರ ಸ್ನಾನ, ಬಾಯಿಗೆ ಬೇವಿನ ಸೊಪ್ಪು, ಮೂಗಿಗೆ ಲೋಬಾನ. ಕಣ್ಣು ಮುಚ್ಚಿ ಕುಳಿತರೆ ನನಗೆ ದರ್ಶನ ಕೊಡುತ್ತಿದ್ದದ್ದು ಜೋಳದ ರೊಟ್ಟಿ ಮತ್ತು ಪುಂಡಿಪಲ್ಲೆ.

ಬಳೆ ಮಾರಲು ಬರುವ ಫಾತಿಮಾಬಿ, ಬಸ್ಸು ವಿಚಾರಿಸಿದಂತೆ ಕೇಳುತ್ತಿದ್ದಳು: "ಅರೇ ಬೇಟಿ, ನಿಮ್ದು ದೇವಿ ಬಂದ್ಳಾ?"

"ಇನ್ನಾ ಇಲ್ರೀ ಖಾಲಾ."

"ಬರ್ತಾಳ ಬಿಡು. ರಸ್ತಾ ಖರಾಬ್ ಅದ."

ಒಂದು ದಿನ ಸೋತು ಅತ್ತೆಯನ್ನೇ ಕೇಳಿದೆ: "ಅತ್ತಿ, ಆಕಿನ್ನ ಹೆಂಗ ಕರೀಬೇಕ್ರಿ?"

"ಕರಿಯಾಕ ಆಕಿ ನಿನ್ನ ಗೆಳತಿ ಏನಬೇ? ಬರೋದು ಆಕಿ ಮರ್ಜಿ. ನೀ ಒಳಗಿನ ಕಸಾ ಹೊಡದು, ಬಾಗ್ಲಾ ತಗದು ಕುಂದ್ರು. ಬಂದೋರ ಮಾತು ಪೂರ್ತಿ ಕೇಳು. ಅಷ್ಟ."

ಕೇಳುವುದನ್ನು ಕಲಿತೆ. ಎಮ್ಮೆಯಿಂದ ಸುರುಮಾಡಿದ ಮಾತು ಎದೆಯೊಳಗಿನ ಸಂಕಟಕ್ಕೆ ಬಂದು ಮುಟ್ಟಲು ಬಹಳ ಹೊತ್ತು ಬೇಕೆಂಬುದು ತಿಳಿಯಿತು.

ಅಷ್ಟರಲ್ಲಿ ಅತ್ತೆಯ ಕಣ್ಣಿಗೆ ಪೊರೆ ಬಂತು. ಒಲೆಯ ಬೆಂಕಿ ಸೆರಗಿಗೆ ತಗುಲಿ ಸ್ವಲ್ಪದರಲ್ಲಿ ಉಳಿದರು. ರಾಯಚೂರಿಗೆ ಹೋಗಿ ಆಪರೇಷನ್ ಮಾಡಿಸೋಣವೆಂದರೆ, "ಕಣ್ಣಾಗ ಚಾಕು ಹಾಕ್ತಾರಂತ. ದುರುಗಮ್ಮ ಬ್ಯಾಡ ಅಂದಾಳ," ಎಂದುಬಿಟ್ಟರು. ದೇವಿಯೇ ಬೇಡವೆಂದ ಮೇಲೆ ನನ್ನ ಗಂಡನ ಮಾತಿಗೆಲ್ಲಿಯ ಬೆಲೆ?

ಮುಂದಿನ ಶುಕ್ರವಾರ ಪಡಸಾಲೆ ತುಂಬ ಜನ. ಅತ್ತೆ ಭಂಡಾರದ ಅರಿಶಿನದ ತಟ್ಟೆಗಾಗಿ ನೆಲವೆಲ್ಲ ತಡವುತ್ತಿದ್ದರು. ತಟ್ಟೆ ಅವರ ಮುಂದೆಯೇ ಇತ್ತು. ಅದನ್ನು ನೋಡಿ ನಾನು ಧಡಕ್ಕನೆ ಎದ್ದು ನಿಂತೆ. ಕೈ ನಡುಗಿತು, ತುರುಬು ಬಿಚ್ಚಿತು. ಹಸಿವೋ, ಭಯವೋ, ಸಿಟ್ಟೋ, ದೇವಿಯೋ, ಇವತ್ತಿಗೂ ತಿಳಿಯದು. ಬೆತ್ತ ಎತ್ತಿಕೊಂಡು ಚೀರಿದೆ: "ರಾಯಚೂರಿಗೆ ಹೋಗ್ತೀಯೋ ಇಲ್ಲೋ? ಪೊರಿ ತಗಸಲಿಲ್ಲಂದ್ರ ನನ್ನ ಮುಂದ ಕುಂದ್ರಬ್ಯಾಡ, ಅತ್ತೀ!"

ಅತ್ತೆ ಕೈಮುಗಿದು, "ಆಗ್ಲಿ ತಾಯಿ," ಎಂದರು.

ರಾಯಚೂರಿನಲ್ಲಿ ಕಣ್ಣಿನ ಪಟ್ಟಿ ಬಿಚ್ಚಿದಾಗ ನನ್ನ ಮುಖವನ್ನೇ ದಿಟ್ಟಿಸಿದರು. "ಎಷ್ಟು ಸೊರಗೀಯಬೇ! ಇನ್ನ ಉಪಾಸ ಸಾಕು." ಆಮೇಲೆ ದನಿ ತಗ್ಗಿಸಿ, "ಒಂದು ಮಾತು ಕೇಳ್ತೀನಿ. ಮೂರು ಲೋಕದ ತಾಯಿ ಆಕಿ. ನಾ ಆಕಿಗೆ ಯಾವಾಗ ಅತ್ತಿ ಆದೆ?" ಎಂದರು.

ಅವರು ನಕ್ಕ ನಗುವಿಗೆ ನರ್ಸು ಓಡಿಬಂದಳು. ಊರಿಗೆ ಮರಳಿದ ಮೇಲೆ ಬೆತ್ತವನ್ನು ನನಗೇ ಕೊಟ್ಟರು.

ಈಗ ನಾನೂ ಅತ್ತೆ. ಕಿವಿ ಮಂದವಾಗಿದೆ. ಯಂತ್ರ ಹಾಕಿಸಿಕೊಳ್ಳಿ ಎಂದು ಸೊಸೆ ಹೇಳುತ್ತಲೇ ಇದ್ದಾಳೆ; ನಾನು ಕೇಳಿಸದವಳಂತೆ ಇದ್ದೇನೆ. ಮೊನ್ನೆ ದೇವದುರ್ಗದಿಂದ ಬಂದ ಸಂಜೆ ಅವಳು ಚಹಾ ತಂದು ಎದುರು ನಿಂತಳು. ಕಣ್ಣು ಕೆಂಪಗಿದ್ದವು. ಕೈಯೊಳಗಿನ ಕಪ್ಪು-ಬಸಿ ನಡುಗುತ್ತಿದ್ದವು.

"ನಾಳಿಗೇ ರಾಯಚೂರಿಗೆ ಹೋಗೋಣು ನಡಿಯವ್ವಾ," ಎಂದೆ.

ದೇವಿಗೆ ಯಾಕೆ ಸುಮ್ಮನೆ ತೊಂದರೆ?